ಬಾಲ ಕತ್ತರಿಸಿದ ಗಾದೆ

ಸಂತ ಮಾರ್ಟಿನನ ಹಬ್ಬದ ಮಧ್ಯಾಹ್ನ ಹೊಸ ವೈನಿನ ಹೂಜಿ ಹಿಡಿದು ಮಹಡಿ ಮೆಟ್ಟಿಲು ಹತ್ತುವಾಗ ರಿಕೆಲ್ಡಾಗೆ ಮದುವೆಯಾಗಿರಲಿಲ್ಲ. ಹೂಜಿ ಬರಿದಾಗಿ ಕೆಳಗಿಳಿಯುವ ಹೊತ್ತಿಗೆ ಆಗಿಹೋಗಿತ್ತು. ಹಾಗೆಂದು ಬೊಲೋನ್ಯಾ ಪಟ್ಟಣದ ಆ ಬೀದಿಯೆಲ್ಲ ನಂಬಿತು. ನಂಬದೆ ಉಳಿದವಳು ಅವಳೊಬ್ಬಳೇ.

ನಡೆದದ್ದು ಇಷ್ಟು. ಮೇಲಿನ ಕೋಣೆಯಲ್ಲಿ ಚಿಕ್ಕಪ್ಪ ಯಾಕೊಪೀನೊ ನೆಂಟರನ್ನೂ ನೆರೆಯವರನ್ನೂ ಕೂಡಿಸಿಕೊಂಡು ಕೂತಿದ್ದ. ಕಿಟಕಿ ಪಕ್ಕದ ಬೆಂಚಿನಲ್ಲಿ ತೊಗಲು ಹಾಳೆಯ ವ್ಯಾಪಾರಿ ಅಲ್ಬೀರೊ, ಅವನ ಮಗ ಬಿತ್ತೀನೊ. ಅವರ ನಡುವೆ ಒಬ್ಬ ನೋಟರಿ. "ಬಾ ಮಗಳೇ, ಬಾ" ಎಂದ ಚಿಕ್ಕಪ್ಪನ ದನಿಯಲ್ಲಿ ಎಂದಿಲ್ಲದ ಸಕ್ಕರೆ ಇತ್ತು. ಅವಳು ಒಳಗೆ ಕಾಲಿಟ್ಟದ್ದೇ ತಡ, ನೋಟರಿ ಎದ್ದು ನಿಂತು ಲ್ಯಾಟಿನಿನಲ್ಲಿ ಓದತೊಡಗಿದ.

ಬೇರೆ ಮನೆಯ ಹುಡುಗಿಯಾಗಿದ್ದರೆ ಪ್ರಾರ್ಥನೆ ಎಂದುಕೊಂಡು ತಲೆ ತಗ್ಗಿಸುತ್ತಿದ್ದಳೋ ಏನೋ. ರಿಕೆಲ್ಡಾಗೆ ಲ್ಯಾಟಿನ್ ಅಂಗಳದ ಭಾಷೆ. ಅವಳ ಅಪ್ಪ ಗ್ವೀದೊ ಕಾನೂನು ಪುಸ್ತಕಗಳನ್ನು ಬಿಡಿಬಿಡಿ ಕಟ್ಟುಗಳಾಗಿ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದವನು. ನಕಲುಗಾರರು ಬರೆದು ತಂದದ್ದನ್ನು ಮೂಲದ ಪಕ್ಕ ಇಟ್ಟು, ಸಾಲು ಸಾಲು ತಾಳೆ ನೋಡಿ, ತಪ್ಪಿದ್ದಲ್ಲಿ ಸಣ್ಣ ಚಾಕುವಿನಿಂದ ಹೆರೆದು ತಿದ್ದುವ ಕೆಲಸವನ್ನು ಅವಳು ಜಡೆ ಹಾಕುವ ವಯಸ್ಸಿನಿಂದ ಮಾಡುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಅಂಗಡಿ ಚಿಕ್ಕಪ್ಪನದಾಯಿತು, ತಿದ್ದುವ ಮೇಜು ಅವಳದೇ ಉಳಿಯಿತು. ಹಾಗಾಗಿ ನೋಟರಿ ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಅವಳಿಗೆ ಎಲ್ಲ ತಿಳಿಯಿತು. ಇದು ತನ್ನದೇ ಮದುವೆ.

ನೋಟರಿ ಚಿಕ್ಕಪ್ಪನ ಕಡೆ ತಿರುಗಿ, "ಒಪ್ಪಿಗೆಯೇ?" ಎಂದ. "ಒಪ್ಪಿಗೆ." ಅಲ್ಬೀರೊ ಕಡೆ ತಿರುಗಿದ. "ಒಪ್ಪಿಗೆ." ಅಲ್ಬೀರೊ ಮಗನ ಬೆನ್ನಿಗೆ ಮೆಲ್ಲಗೆ ತಿವಿದ. ಬಿತ್ತೀನೊ, ಎತ್ತಿನಂಥ ಆಳು, ಕಿವಿಯವರೆಗೂ ಕೆಂಪಾಗಿ ಮುಂದೆ ಬಂದ. ಸುಣ್ಣದ ನೀರಲ್ಲಿ ತೊಗಲು ನೆನೆಸಿ ನೆನೆಸಿ ಬಿರುಕು ಬಿಟ್ಟ ಬೆರಳುಗಳಿಂದ ಅವಳ ಎಡಗೈಗೆ ಉಂಗುರ ತೊಡಿಸಿದ. ಬಲಗೈಯಲ್ಲಿ ಹೂಜಿ ಇದ್ದೇ ಇತ್ತು.

ರಿಕೆಲ್ಡಾ ತುಟಿ ಬಿಚ್ಚಲಿಲ್ಲ. ಹೆದರಿಕೆಯಿಂದಲ್ಲ. ಅವಳಿಗೆ ಒಳಗೊಳಗೇ ನಗು ಬರುತ್ತಿತ್ತು. ಮದುವೆಗೆ ಬೇಕಾದದ್ದು ಹೆಣ್ಣಿನ ಮಾತು; ಆ ಮಾತು ನನ್ನ ಹಲ್ಲಿನ ಹಿಂದೆ ಭದ್ರವಾಗಿದೆ; ಇವರು ನನ್ನ ಹತ್ತೂ ಬೆರಳಿಗೆ ಉಂಗುರ ಹಾಕಲಿ, ನಾನು ಹೇಳದೆ ಇದ್ದರೆ ಇದು ಮದುವೆಯಲ್ಲ, ಸಂತೆಯ ಆಟ. ಹಾಗೆಂದುಕೊಂಡು ಎಲ್ಲರ ಬಟ್ಟಲಿಗೂ ವೈನ್ ಸುರಿದು ಕೆಳಗಿಳಿದು ಬಂದಳು. ಉಂಗುರ ಬಿಚ್ಚಿ ಅಡುಗೆಮನೆಯ ಉಪ್ಪಿನ ಬಟ್ಟಲ ಪಕ್ಕ ಇಟ್ಟಳು.

ಮರುದಿನ ಬೆಳಗ್ಗೆ ರೊಟ್ಟಿ ಒಲೆಯ ಹತ್ತಿರ ಹೆಂಗಸರೆಲ್ಲ ಕೆನ್ನೆಗೆ ಮುತ್ತಿಟ್ಟು ಹರಸಿದಾಗ ಅವಳ ನಗು ಇಳಿಯಿತು. ಸೀದಾ ಅಂಗಡಿಗೆ ಹೋದಳು.

"ಚಿಕ್ಕಪ್ಪಾ, ಆ ಉಂಗುರ ವಾಪಸ್ ಕಳಿಸಿ."

"ಯಾಕಮ್ಮಾ, ಸಡಿಲ ಆಯ್ತಾ?"

"ಮದುವೇನೇ ಸಡಿಲ. ಒಪ್ಪಿದೆ ಅಂತ ನಾನು ಹೇಳಲೇ ಇಲ್ಲ."

"ಬೇಡ ಅಂತಲೂ ಹೇಳಲಿಲ್ಲವಲ್ಲ?" ಯಾಕೊಪೀನೊ ಕೈಯಲ್ಲಿದ್ದ ಕಟ್ಟನ್ನು ಕೆಳಗಿಟ್ಟು, ಬಾಯಲ್ಲಿ ಅಂಜೂರ ಇಟ್ಟುಕೊಂಡವನ ಹಾಗೆ ಸವಿಯುತ್ತ ಹೇಳಿದ: "ಕ್ವೀ ತಾಚೆತ್, ಕೊನ್ಸೆಂತೀರೆ ವಿದೇತುರ್. ಸುಮ್ಮನಿದ್ದವರು ಒಪ್ಪಿದ ಹಾಗೆ. ಈ ಅಂಗಡಿ ಇಲಿಗೂ ಗೊತ್ತಿರೋ ಗಾದೆ. ನಿನಗೆ ನಾನು ಹೇಳಿಕೊಡಬೇಕಾ? ಮಾತು ಬೆಳ್ಳಿ, ಮೌನ ಬಂಗಾರ ಕಣಮ್ಮ. ನಿನ್ನೆ ನೀನು ಬಂಗಾರವನ್ನೇ ಕೊಟ್ಟೆ."

"ನನ್ನ ಮಾರಿದಿರಿ ಅನ್ನಿ."

"ಮಾರೋದು ಯಾಕೆ? ಅಲ್ಬೀರೊ ಬೀಗನಾದ್ರೆ ಒಳ್ಳೆ ತೊಗಲು ಮೊದಲು ನಮ್ಮ ಅಂಗಡಿಗೇ ಬರುತ್ತೆ, ನಿಜ. ಆದ್ರೆ ಅದೊಂದೇ ಅಲ್ಲ. ಇಪ್ಪತ್ತೆರಡಾಯ್ತು ನಿನಗೆ. ಇವತ್ತು ಕಣ್ಣು ಚುರುಕಾಗಿದೆ, ಅಕ್ಷರ ತಿದ್ದುತೀಯ. ಕಣ್ಣು ಮಂಜಾದ ದಿನ ಯಾರು ನೋಡಿಕೊಳ್ತಾರೆ? ನಾನಿರ್ತೀನಾ?" ಅವನ ಕಾಳಜಿ ನಟನೆಯಾಗಿರಲಿಲ್ಲ. ಕೆಟ್ಟವನಲ್ಲ ಯಾಕೊಪೀನೊ. ತನಗೆ ಅನುಕೂಲವಾದದ್ದು ಎಲ್ಲರಿಗೂ ಒಳ್ಳೆಯದು ಎಂದು ಮನಸಾರೆ ನಂಬುವವನು. ಅಂಥವರ ಜೊತೆ ಜಗಳವೂ ಕಷ್ಟ.

ರಿಕೆಲ್ಡಾ ಜಗಳಕ್ಕೆ ನಿಲ್ಲಲಿಲ್ಲ. ಚಾಕು, ಮಸಿಕುಡಿಕೆ, ಒಂದು ಬದಲಿ ಉಡುಪು ಗಂಟು ಕಟ್ಟಿಕೊಂಡು, ಕಂಬಸಾಲುಗಳ ನೆರಳಲ್ಲಿ ನಡೆದು, ಉಗೊಲೊತ್ತೊ ಪಂಡಿತರ ಮನೆ ಬಾಗಿಲು ತಟ್ಟಿದಳು.

ಉಗೊಲೊತ್ತೊ ಚರ್ಚಿನ ಕಾನೂನು ಪಾಠ ಹೇಳುವವರು, ಅವಳ ಅಪ್ಪನ ಹಳೆಯ ಗೆಳೆಯರು. ಸಂಧಿವಾತದ ಕಾಲನ್ನು ಮಣೆಯ ಮೇಲಿಟ್ಟುಕೊಂಡು, ವೈದ್ಯರು ಬೇಡವೆಂದಿದ್ದ ಹಂದಿಮಾಂಸ ತುಂಬಿದ ಪುಟ್ಟ ಕಡುಬು ತೊರ್ತೆಲ್ಲಿಯನ್ನು ಸಾರಿನ ಸಮೇತ ಹೊಡೆಯುತ್ತಿದ್ದರು. ಅವಳು ಹೇಳಿದ್ದನ್ನೆಲ್ಲ ಕೇಳಿ, ಚಮಚ ಕೆಳಗಿಡದೆ, "ಜಾಣೆ ಅಂದುಕೊಂಡಿದ್ದೆ ನಿನ್ನ" ಎಂದರು.

"ಗುರುಗಳೇ!"

"ಮತ್ತೇನೇ? ಬಾಯಿ ಮುಚ್ಚಿಕೊಂಡ್ರೆ ಗೆದ್ದೆ ಅಂದುಕೊಂಡೆಯಾ? ಮೌನ ಅಂದ್ರೆ ಖಾಲಿ ಪಾತ್ರೆ ಕಣೇ. ಯಾರ ಕೈಗೆ ಸಿಗುತ್ತೋ ಅವರು ತಮಗೆ ಬೇಕಾದ್ದನ್ನ ಸುರಿದುಕೊಳ್ತಾರೆ. ನೀನು 'ಬೇಡ' ಅಂತ ತುಂಬಿಟ್ಟೆ. ಯಾಕೊಪೀನೊ ಅದನ್ನ ಚೆಲ್ಲಿ 'ಹೂಂ' ಅಂತ ತುಂಬಿದ."

ರಿಕೆಲ್ಡಾಗೆ ಚುರುಕ್ಕೆಂದಿತು. ಅವರ ಎದುರಿನ ಬೆಂಚಿನಲ್ಲಿ ಕೂತು, ತಟ್ಟೆಯಿಂದ ಒಂದು ತೊರ್ತೆಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡಳು.

"ಸರಿ. ಗಾದೆ ಅವರದಾಯ್ತು. ಅದನ್ನ ನಮ್ಮದು ಮಾಡಿಕೊಳ್ಳೋದು ಹೇಗೆ?"

ಮುದುಕರ ಕಣ್ಣು ಮಿನುಗಿತು. ಪಾಠದ ಕೋಣೆಯಲ್ಲಿ ಇಂಥ ಪ್ರಶ್ನೆ ಕೇಳುವವರು ಅವರಿಗೆ ವರ್ಷಕ್ಕೊಬ್ಬರು ಸಿಕ್ಕರೆ ಹೆಚ್ಚು. "ಕೊನೆಯ ಪದ ಯಾವುದು?"

"ವಿದೇತುರ್."

"ಅಂದ್ರೆ?"

"ಕಾಣುತ್ತಾರೆ. ಒಪ್ಪಿದ ಹಾಗೆ ಕಾಣುತ್ತಾರೆ. ಒಪ್ಪಿದರು ಅಂತಲ್ಲ."

"ಭೇಷ್. ಕಾಣೋದು ನೋಡುವವನ ಕಣ್ಣಿಗೆ ಸೇರಿದ್ದು. ದೂರದಿಂದ ನೋಡಿದ್ರೆ ಸುಣ್ಣದ ನೀರೂ ಹಾಲಿನ ಹಾಗೇ ಕಾಣುತ್ತೆ. ಇದು ಮೊದಲನೇದು. ಇನ್ನು ಇದರ ತಮ್ಮ ಒಬ್ಬನಿದಾನೆ, ಚರ್ಚಿನ ನಿಯಮಗಳ ಪಟ್ಟಿಯಲ್ಲಿ ಇದರ ಪಕ್ಕದಲ್ಲೇ ಕೂತಿರ್ತಾನೆ. ಸುಮ್ಮನಿದ್ದವನು ಹೌದು ಅಂದ ಹಾಗಲ್ಲ, ಅಲ್ಲ ಅಂದ ಹಾಗೂ ಅಲ್ಲ ಅಂತ."

"ಅಣ್ಣ ಒಂದು ಹೇಳ್ತಾನೆ, ತಮ್ಮ ಇನ್ನೊಂದು. ಇದೆಂಥ ಮನೆ?"

"ಎಲ್ಲ ಮನೆಯೂ ಹಾಗೇ ಅಲ್ವಾ? ಇನ್ನೂ ಇದೆ ಕೇಳು. ಈ ಗಾದೆಗೆ ಒಂದು ಬಾಲ ಇತ್ತು. ಪೇಟೆಗೆ ತರುವಾಗ ಬಾಲ ಕತ್ತರಿಸಿ ತರ್ತಾರೆ, ಕುರಿ ದಪ್ಪಗೆ ಕಾಣಲಿ ಅಂತ. ಸುಮ್ಮನಿದ್ದವನು ಒಪ್ಪಿದ ಹಾಗೆ ಕಾಣ್ತಾನೆ, ಎಲ್ಲಿ? ಮಾತಾಡಬೇಕಾಗಿದ್ದ ಕಡೆ, ಮಾತಾಡಬಹುದಾಗಿದ್ದ ಕಡೆ."

ರಿಕೆಲ್ಡಾ ಆ ಎರಡು ಪದಗಳನ್ನು ಬಾಯಲ್ಲೇ ತೂಗಿದಳು. "ಮಾತಾಡಬಹುದಾಗಿತ್ತು," ಎಂದಳು ಕೊನೆಗೆ. "ಅದರಲ್ಲಿ ಸುಳ್ಳು ಹೇಳೋಕಾಗಲ್ಲ. ನನ್ನ ನಾಲಿಗೆ ಗಟ್ಟಿಯಾಗೇ ಇತ್ತು. ಆದ್ರೆ ಮಾತಾಡಬೇಕಾಗಿತ್ತಾ? ನೋಟರಿ ಕೇಳಿದ್ದು ಚಿಕ್ಕಪ್ಪನ್ನ, ಆಮೇಲೆ ಅಲ್ಬೀರೊನ. ನನ್ನ ಯಾರು ಏನು ಕೇಳಿದ್ರು? ಪ್ರಶ್ನೇನೇ ಇಲ್ಲದ ಮೇಲೆ ಮೌನ ಉತ್ತರ ಹೇಗಾಗುತ್ತೆ?"

ಉಗೊಲೊತ್ತೊ ಈಗ ಚಮಚ ಕೆಳಗಿಟ್ಟರು. "ನಲವತ್ತು ವರ್ಷದಿಂದ ಪಾಠ ಹೇಳ್ತಿದೀನಿ," ಎಂದರು, "ಬಹುದು ಅನ್ನೋದರ ಮೇಲೆ ಗಂಟೆಗಟ್ಟಲೆ ಮಾತಾಡಿದೀನಿ. ಬೇಕು ಅನ್ನೋದನ್ನ ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಆದ್ರೆ ಮೈಮರೀಬೇಡ. ಮನೆ ಹಿರಿಯರು ಮಾತು ಕೊಡುವಾಗ ಹುಡುಗಿ ಎದುರಿಗಿದ್ದು ತಡೆಯದಿದ್ರೆ ಸಾಕು ಅನ್ನೋ ಪಂಡಿತರೂ ಇದಾರೆ. ಎದುರು ವಕೀಲ ಅದನ್ನೇ ಹಿಡಕೊಳ್ತಾನೆ."

"ಹಿಡಕೊಳ್ಳಲಿ. ಗೆಲ್ತೀವಿ."

"ವಕೀಲ ನಾನು. ಆ ಮಾತು ನಾನು ಹೇಳಬೇಕು."

"ಹಾಗಾದ್ರೆ ಹೇಳಿ ಗುರುಗಳೇ."

"ಗೆಲ್ತೀವಿ," ಎಂದು ಮುದುಕರು ನಕ್ಕು, ವಿಧವೆ ತಂಗಿ ದಿಯಾಂಬ್ರಾಳನ್ನು ಕೂಗಿ, ಮೇಲಿನ ಕೋಣೆಯಲ್ಲಿ ಹುಡುಗಿಗೆ ಹಾಸಿಗೆ ಹಾಸಲು ಹೇಳಿದರು.

ಸೊಸೆ ಮನೆಗೆ ಬರದೆ ಇದ್ದಾಗ ಅಲ್ಬೀರೊ ಮದುವೆಯ ತಕರಾರು ಕೇಳುವ ಬಿಷಪ್ಪರ ನ್ಯಾಯಪೀಠಕ್ಕೆ ಹೋದ. ಕ್ರಿಸ್‌ಮಸ್‌ಗೆ ಮುಂಚೆ ವಿಚಾರಣೆ ಬಂತು. ಪೇಟೆಯಲ್ಲಿ ಅಷ್ಟರಲ್ಲಿ ಮಾತು ಎದ್ದಿತ್ತು. ಕಾನೂನು ವಿದ್ಯಾರ್ಥಿಗಳು ಕರುಣೆಯಿಂದಲೋ ಕುತೂಹಲದಿಂದಲೋ ಬಂದು ಗೋಡೆಗೆ ಒರಗಿ ನಿಂತಿದ್ದರು. ಪೀಠದಲ್ಲಿ ಬಿಷಪ್ಪರ ಪರವಾಗಿ ಕೂತಿದ್ದ ನ್ಯಾಯಾಧೀಶರು ಬಡಕಲು ದೇಹದವರು, ಯಾರು ಮಾತಾಡಿದರೂ ಕಣ್ಣು ಮುಚ್ಚಿಕೊಂಡು ಕೇಳುವವರು. ನಿದ್ದೆ ಎಂದು ತಿಳಿದು ಕೆಟ್ಟವರು ಬಹಳ ಮಂದಿ.

ಎದುರು ವಕೀಲ ಚೆನ್ನಾಗಿಯೇ ವಾದಿಸಿದ. "ಸ್ವಾಮಿ, ಇವಳೇನು ಕತ್ತಲೆ ಕೋಣೆಯಲ್ಲಿ ಬೆಳೆದ ಕೂಸಲ್ಲ. ಲ್ಯಾಟಿನ್ ಬಲ್ಲವಳು. ಓದಿದ ಪ್ರತಿ ಪದ ಅವಳಿಗೆ ಅರ್ಥವಾಗಿದೆ. ಉಂಗುರ ತೊಡಿಸಿದಾಗ ಕೈ ಎಳೆದುಕೊಳ್ಳಲಿಲ್ಲ. ಹೋಗಲಿ, ಹೂಜಿಯನ್ನಾದರೂ ಎತ್ತಿ ಹಾಕಬಹುದಿತ್ತು. ಅದನ್ನೂ ಮಾಡದೆ, ಬಂದ ಬೀಗರಿಗೆಲ್ಲ ವೈನ್ ಸುರಿದಳು. ಇದಕ್ಕಿಂತ ಒಪ್ಪಿಗೆ ಇನ್ನು ಹೇಗಿರುತ್ತದೆ?" ಗೋಡೆ ಪಕ್ಕದಿಂದ ನಗು ಬಂತು.

ಉಗೊಲೊತ್ತೊ ಕುಂಟುತ್ತ ಎದ್ದರು. ಕಾಣುವುದಕ್ಕೂ ಇರುವುದಕ್ಕೂ ಇರುವ ದೂರ, ಅಣ್ಣತಮ್ಮಂದಿರಂಥ ಎರಡು ನಿಯಮ, ಪೇಟೆಯಲ್ಲಿ ಕತ್ತರಿಸಿ ಬಿಟ್ಟ ಬಾಲ, ಎಲ್ಲವನ್ನೂ ಒಂದೊಂದಾಗಿ ಬಿಡಿಸಿಟ್ಟರು. ಕೊನೆಗೆ, "ಪ್ರಶ್ನೆ ಇಲ್ಲದ ಕಡೆ ಮೌನವನ್ನು ಉತ್ತರ ಅನ್ನೋದು, ಎತ್ತು ಕರು ಹಾಕಿತು ಅಂದ ಕೂಡಲೇ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ಸ್ವಾಮಿ" ಎಂದರು. ಈ ಸಲ ನಗು ಇವರ ಪಾಲಿಗೆ ಬಂತು.

ನ್ಯಾಯಾಧೀಶರು ಕಣ್ಣು ತೆರೆದು ರಿಕೆಲ್ಡಾ ಕಡೆ ನೋಡಿದರು. "ನೀನೇ ಹೇಳಮ್ಮ. ಅರ್ಥ ಆಗಿತ್ತು. ಮಾತೂ ಬರುತ್ತಿತ್ತು. ಯಾಕೆ ಸುಮ್ಮನಿದ್ದೆ?"

ಹೆದರಿದ್ದೆ ಎಂದರೆ ಕೆಲಸ ಹಗುರಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಎಲ್ಲರೂ ಕಾಯುತ್ತಿದ್ದುದೂ ಅದನ್ನೇ.

"ಸ್ವಾಮಿ, ನನ್ನ ಮಾತು ಕೊಡದಿದ್ರೆ ಸಾಕು, ಇವರು ಏನು ಬರೆದುಕೊಂಡ್ರೂ ನಡೆಯಲ್ಲ ಅಂದುಕೊಂಡೆ. ಕಾನೂನಿನ ಮೇಲೆ ಅಷ್ಟು ನಂಬಿಕೆ ಇತ್ತು. ಈಗಲೂ ಇದೆ. ಯಾರಾದ್ರೂ ನನ್ನ ಮುಖ ನೋಡಿ 'ನಿನಗೆ ಒಪ್ಪಿಗೆಯಾ' ಅಂತ ಕೇಳಿದ್ರೆ, ಕೆಳಗಿನ ಬೀದಿಗೆ ಕೇಳಿಸೋ ಹಾಗೆ ಬೇಡ ಅಂತಿದ್ದೆ."

ನ್ಯಾಯಾಧೀಶರು ತಲೆಯಾಡಿಸಿ, ಯಾಕೊಪೀನೊ ಕಡೆ ತಿರುಗಿದರು. "ನೀನು ಹೇಳಪ್ಪ. ಅವತ್ತಾಗಲಿ, ಅದಕ್ಕೆ ಮೊದಲಾಗಲಿ, ಈ ಹುಡುಗಿಯನ್ನು ಕೇಳಿದೆಯಾ?"

ಯಾಕೊಪೀನೊ ಬಾಯಿ ತೆರೆದ. ವಕೀಲನ ಮುಖ ನೋಡಿದ. ಟೋಪಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಬಾಯಿ ಮುಚ್ಚಿದ. ಹೊರಗೆ ಚೌಕದಲ್ಲಿ ಯಾರೋ ಬೇಯಿಸಿದ ಚೆಸ್ಟ್‌ನಟ್ ಕಾಯಿ ಕೂಗಿ ಮಾರುತ್ತಿದ್ದುದು ಒಳಗಿನವರೆಗೂ ಕೇಳಿಸಿತು.

ಉಗೊಲೊತ್ತೊ ಏಳುವ ಮೊದಲೇ ರಿಕೆಲ್ಡಾ ಕೇಳಿದಳು: "ಸ್ವಾಮಿ, ಈ ಮೌನವನ್ನು ಏನಂತ ಬರೆದುಕೊಳ್ಳಬೇಕು?"

ಗೋಡೆ ಪಕ್ಕದ ಹುಡುಗರು ಕೇಕೆ ಹಾಕಿದರು. ನ್ಯಾಯಾಧೀಶರ ಬಡಕಲು ಮುಖದಲ್ಲೂ ಒಂದು ಗೆರೆ ಸಡಿಲಾಯಿತು. "ಇಲ್ಲಿ ಪ್ರಶ್ನೆ ಇದೆ," ಎಂದರು. "ಮಾತಾಡಬೇಕು, ಮಾತಾಡಬಹುದು. ಎರಡೂ ಇದೆ. ಬಾಲ ಸಮೇತ ಗಾದೆ ಕೂರುತ್ತದೆ."

ಎದುರು ವಕೀಲ ಸುಲಭಕ್ಕೆ ಬಿಡುವವನಲ್ಲ. "ಕೇಳಲಿಲ್ಲ ಅಂತಲೇ ಇಟ್ಟುಕೊಳ್ಳೋಣ ಸ್ವಾಮಿ. ಸಾಕಿದವನು ಕೇಳಲೇಬೇಕು ಅಂತ ಎಲ್ಲಿದೆ? ಅವಳು ಎದುರಿಗಿದ್ದಳು, ತಡೆಯಲಿಲ್ಲ. ಬಂದವರೆಲ್ಲ ಅದನ್ನು ಒಪ್ಪಿಗೆ ಅಂತಲೇ ತಿಳಿದರು. ಹದಿನೈದು ಜನ ಒಟ್ಟಿಗೆ ತಪ್ಪು ತಿಳಿಯುತ್ತಾರೆಯೇ?"

ಆ ಮಾತು ನಾಟಿತು. ನ್ಯಾಯಾಧೀಶರು ಮತ್ತೆ ಕಣ್ಣು ಮುಚ್ಚಿದರು. ಉಗೊಲೊತ್ತೊ ಗಡ್ಡ ಕೆರೆದುಕೊಂಡರು. ಆಗ ಸಾಕ್ಷಿಗಳ ಬೆಂಚಿನಿಂದ ದೊಡ್ಡ ಆಕೃತಿಯೊಂದು ಎದ್ದು ನಿಂತಿತು. ಅಲ್ಬೀರೊ ಮಗನ ತೋಳು ಹಿಡಿದು ಜಗ್ಗಿದ, ಬಿತ್ತೀನೊ ಕೂರಲಿಲ್ಲ.

"ನಾನು ಹಾಗೆ ತಿಳಿಯಲಿಲ್ಲ," ಎಂದ.

"ಕೂತ್ಕೊಳ್ಳೋ ಮುಠ್ಠಾಳ!" ಎಂದ ಅಲ್ಬೀರೊ.

"ಇರಲಿ ಅಪ್ಪಾ. ಕೇಳ್ತಾರಲ್ಲ, ಹೇಳಬೇಕು." ಬಿತ್ತೀನೊ ನ್ಯಾಯಾಧೀಶರ ಕಡೆ ತಿರುಗಿದ. ಮಾತು ಅವನಿಗೆ ಭಾರವಾದ ಮೂಟೆಯಂತೆ, ಒಂದೊಂದನ್ನೇ ಎತ್ತಿ ಇಡುತ್ತಿದ್ದ. "ಉಂಗುರ ಹಾಕಿದವನು ನಾನು. ಅವಳ ಮುಖ ನೋಡಿದವನು ನಾನೊಬ್ಬನೇ. ಉಳಿದವರು ಬಟ್ಟಲು ನೋಡ್ತಿದ್ರು. ಅವಳ ಕೈ ನನ್ನ ಕೈಯಲ್ಲಿ ಕಲ್ಲಿನ ಹಾಗೆ ಇತ್ತು. ಕೊಡ್ತಾನೂ ಇರಲಿಲ್ಲ, ಎಳೆದುಕೊಳ್ತಾನೂ ಇರಲಿಲ್ಲ. ಇವಳಿಗೆ ಇಷ್ಟ ಇಲ್ಲ ಅಂತ ನನಗೆ ಆಗಲೇ ಗೊತ್ತಾಯ್ತು, ಸ್ವಾಮಿ. ಅವಳನ್ನ ಯಾರೂ ಕೇಳಲಿಲ್ಲ. ನನ್ನನ್ನೂ ಯಾರೂ ಕೇಳಲಿಲ್ಲ. ಅವತ್ತು ಒಂದು ಮಾತು ಹೇಳಬೇಕಾಗಿದ್ದವನು ನಾನು, ಹೇಳದೆ ಹೋದೆ. ಇವತ್ತು ಹೇಳ್ತಿದೀನಿ. ನನಗೂ ಈ ಮದುವೆ ಒಪ್ಪಿಗೆ ಇಲ್ಲ."

ಕೋಣೆಯಲ್ಲಿ ಯಾರೂ ನಗಲಿಲ್ಲ. ಅಲ್ಬೀರೊ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು. ರಿಕೆಲ್ಡಾ ಆ ಎತ್ತಿನಂಥ ಆಳನ್ನು ಮೊದಲ ಸಲ ನಿಜವಾಗಿ ನೋಡಿದಳು. ಇಷ್ಟು ದಿನ ಅವನೂ ಅವಳಿಗೆ ಉಂಗುರದ ಜೊತೆ ಬಂದ ಸಾಮಾನಾಗಿದ್ದ.

ನ್ಯಾಯಾಧೀಶರು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಹುಡುಗಿಯನ್ನು ಕೇಳಿಲ್ಲ, ಹುಡುಗನನ್ನು ಕೇಳಿಲ್ಲ. ಒಪ್ಪಿದವರು ಇಬ್ಬರು ಹಿರಿಯರು, ಅವರಿಬ್ಬರಿಗೇ ಮದುವೆ ಮಾಡಿಸಲು ಚರ್ಚಿಗೆ ಅಧಿಕಾರವಿಲ್ಲ ಎಂದು ಹೇಳಿ, ಉಂಗುರವನ್ನು ಹಿಂದಿರುಗಿಸುವಂತೆ ಆಜ್ಞೆ ಮಾಡಿ ಎದ್ದರು.

ಹೊರಗೆ ಮೆಟ್ಟಿಲ ಮೇಲೆ ಬಿತ್ತೀನೊ ಒಬ್ಬನೇ ನಿಂತಿದ್ದ. ಅಪ್ಪ ಅವನನ್ನು ಬಿಟ್ಟು ಹೋಗಿಯಾಗಿತ್ತು. ರಿಕೆಲ್ಡಾ ಚೆಸ್ಟ್‌ನಟ್ ಕೊಂಡು ಅರ್ಧ ಅವನ ಕೈಗೆ ಸುರಿದಳು.

"ಮನೆಯಲ್ಲಿ ಬೈತಾರಾ?"

"ಒಂದು ವಾರ ಬೈತಾರೆ. ಆಮೇಲೆ ತೊಗಲು ಕೆರೆಯೋಕೆ ಆಳು ಬೇಕಲ್ಲ." ಅವನು ಒಂದನ್ನು ಸುಲಿದ. "ನಿನ್ನ ಕಂಡರೆ ಆಗಲ್ಲ ಅಂತ ಅಲ್ಲ ನಾನು ಹೇಳಿದ್ದು. ತಪ್ಪು ತಿಳೀಬೇಡ."

"ತಿಳಿಯಲ್ಲ. ನನಗೂ ನಿನ್ನ ಕಂಡರೆ ಆಗಲ್ಲ ಅಂತ ಅಲ್ಲ."

"ಹಾಗಾದ್ರೆ ಸರಿ," ಎಂದ ಬಿತ್ತೀನೊ, ದೊಡ್ಡ ಹೊರೆ ಇಳಿಸಿದವನ ಹಾಗೆ.

ಮನೆಗೆ ಹೋಗುವಾಗ ಉಗೊಲೊತ್ತೊ ಅವಳ ಭುಜ ಹಿಡಿದು ಕುಂಟುತ್ತಿದ್ದರು. ಅರ್ಧ ದಾರಿಯಲ್ಲಿ ರಿಕೆಲ್ಡಾ ಹೇಳಿದಳು: "ಗುರುಗಳೇ, ಗಾದೆ ನನ್ನ ಬಗ್ಗೆ ಅಂತ ಇಷ್ಟು ದಿನ ಗುದ್ದಾಡಿದ್ವಿ. ಅದು ನನ್ನ ಬಗ್ಗೆ ಅಲ್ವೇ ಅಲ್ಲ. ಆ ಕೋಣೆಯಲ್ಲಿ ಬಟ್ಟಲು ಹಿಡಿದು ಕೂತಿದ್ರಲ್ಲ, ಅವರ ಬಗ್ಗೆ. ಮಾತಾಡಬೇಕಾಗಿದ್ದವರು ಅವರು. ಮಾತಾಡಬಹುದಾಗಿದ್ದವರೂ ಅವರೇ. ಹದಿನೈದು ಜನ ಸುಮ್ಮನಿದ್ದು ಒಂದು ತಪ್ಪಿಗೆ ಒಪ್ಪಿಗೆ ಕೊಟ್ರು. ಅವರಲ್ಲಿ ಒಬ್ಬ ತನ್ನ ಒಪ್ಪಿಗೆ ಇವತ್ತು ವಾಪಸ್ ತಗೊಂಡ."

"ಹೂಂ," ಎಂದರು ಮುದುಕರು. ನಾಲ್ಕು ಹೆಜ್ಜೆ ನಡೆದು, "ಇದನ್ನ ನಾಳೆ ಪಾಠದಲ್ಲಿ ಹೇಳ್ತೀನಿ. ನನ್ನದು ಅಂತ ಹೇಳಲ್ಲ, ಹೆದರಬೇಡ" ಎಂದರು.

"ಹೆದರಿಲ್ಲ. ನಿಮ್ಮದು ಅಂದ್ರೆ ಹುಡುಗರು ನಂಬಲ್ಲ."

ಚಳಿಗಾಲವೆಲ್ಲ ರಿಕೆಲ್ಡಾ ದಿಯಾಂಬ್ರಾಳ ಮೇಲಿನ ಕೋಣೆಯಲ್ಲಿ ಮೇಜು ಹಾಕಿಕೊಂಡು, ವಿದ್ಯಾರ್ಥಿಗಳು ನೇರವಾಗಿ ತಂದು ಕೊಟ್ಟ ನಕಲುಗಳನ್ನು ತಿದ್ದಿದಳು. ಕೆಲಸಕ್ಕೆ ಬರವಿರಲಿಲ್ಲ. ನ್ಯಾಯಪೀಠದಲ್ಲಿ ಚಿಕ್ಕಪ್ಪನ ಬಾಯಿ ಮುಚ್ಚಿಸಿದವಳನ್ನು ನೋಡುವ ನೆಪಕ್ಕೇ ಅರ್ಧ ಜನ ಬರುತ್ತಿದ್ದರು. ತಿದ್ದಿದ ಹಾಳೆ ನೋಡಿದ ಮೇಲೆ ಕೆಲಸಕ್ಕಾಗಿ ಬಂದರು. ಬಿತ್ತೀನೊ ಸುಣ್ಣದ ಬೀದಿಯ ಒಬ್ಬ ಚಮ್ಮಾರನ ಮಗಳನ್ನು ತಾನೇ ಹೋಗಿ ಕೇಳಿದ, ಅವಳು ಎರಡು ಸಲ ಯೋಚನೆ ಮಾಡಿ ಒಪ್ಪಿದಳು ಎಂಬ ಸುದ್ದಿ ಈಸ್ಟರ್ ಹೊತ್ತಿಗೆ ಬಂತು.

ಅದೇ ವಾರ ಯಾಕೊಪೀನೊ ಬಂದ. ಬಾಗಿಲಲ್ಲಿ ನಿಂತು, ದಿಯಾಂಬ್ರಾಳ ಬೆಕ್ಕಿನ ಯೋಗಕ್ಷೇಮ ವಿಚಾರಿಸಿದ, ಹವೆ ಬಗ್ಗೆ ಮಾತಾಡಿದ. ತಪ್ಪಾಯಿತು ಎನ್ನುವ ಮಾತು ಅವನ ನಾಲಿಗೆಗೆ ಹತ್ತುವಂಥದ್ದಲ್ಲ. ರಿಕೆಲ್ಡಾ ತಲೆ ಎತ್ತದೆ ಸಾಲು ಮುಗಿಸಿದಳು.

"ಅಂಗಡಿಯಲ್ಲಿ ತಪ್ಪು ಜಾಸ್ತಿ ಆಗಿದೆ," ಎಂದ ಕೊನೆಗೆ. "ಹೊಸಬ ಒಬ್ಬ ಇಡೀ ಸಾಲನ್ನೇ ನುಂಗಿದಾನೆ. ಬರ್ತೀಯಾ ಮಗಳೇ?"

"ಕಿಟಕಿ ಪಕ್ಕದ ಮೇಜು ನನಗೆ ಬೇಕು. ತಿದ್ದಿದ ಕಟ್ಟಿನ ಕೊನೆಗೆ ನನ್ನ ಹೆಸರು ಇರಬೇಕು. ಇರೋದು ಇಲ್ಲೇ, ಆ ಮನೆಗೆ ಮಲಗೋಕೆ ಬರಲ್ಲ."

"ಹೆಸರಾ? ಹೆಂಗಸಿನ ಹೆಸರಾ? ಜನ ಏನಂತಾರೆ?"

"ಜನ ಆಗಲೇ ಬೇಕಾದಷ್ಟು ಅಂದಿದಾರೆ ಚಿಕ್ಕಪ್ಪಾ. ಇನ್ನೇನು ಉಳಿದಿದೆ?"

ಯಾಕೊಪೀನೊ ಬೆಕ್ಕನ್ನು ನೋಡಿದ, ಸೂರು ನೋಡಿದ, ಅವಳು ತಿದ್ದಿಟ್ಟ ಹಾಳೆಯ ಮೇಲೆ ಬೆರಳಾಡಿಸಿ ಒಂದು ಗೀರೂ ಸಿಗದೆ ನಿಟ್ಟುಸಿರು ಬಿಟ್ಟ. "ಸಣ್ಣ ಅಕ್ಷರದಲ್ಲಿ ಬರಿ," ಎಂದ.

"ನನ್ನ ಅಕ್ಷರ ಎಷ್ಟಿದೆಯೋ ಅಷ್ಟರಲ್ಲಿ ಬರೀತೀನಿ," ಎಂದು ರಿಕೆಲ್ಡಾ ಚಾಕುವನ್ನು ಒರೆಸಿ ಎದ್ದಳು. "ನಡೀರಿ. ನುಂಗಿದ ಸಾಲು ಎಲ್ಲಿ, ತೋರಿಸಿ."